ನೂರು ಕೀಲುಗಳ ರೂಟರು ನಮ್ಮ ಮನೆಗೆ ತಕ್ಕುದೇ?

ಮನೆಯಲ್ಲಿ ಅಂತರ್ಜಾಲ ನಿಧಾನವಾದೊಡನೆ ದೊಡ್ಡ ರೂಟರೊಂದನ್ನು ತಂದರೆ ಎಲ್ಲವೂ ಸರಿಹೋದೀತೆಂಬ ಭಾವನೆ ಅನೇಕ ಗೃಹಸ್ಥರಲ್ಲಿದೆ. ತಿಳಿದವರನ್ನು ವಿಚಾರಿಸಿದಾಗ ಕಿವಿಗೆ ಬೀಳುವ ಹೆಸರುಗಳಲ್ಲಿ ಮೈಕ್ರೋಟಿಕ್ ಒಂದು. ಲಾಟ್ವಿಯಾ ದೇಶದ ರೀಗಾ ನಗರದಲ್ಲಿ 1996ರಲ್ಲಿ ಸ್ಥಾಪಿತವಾದ ಸಂಸ್ಥೆಯಿದು. ಇದರ ರೂಟರುಗಳನ್ನು ನಡೆಸುವ ತಂತ್ರಾಂಶಕ್ಕೆ ರೂಟರ್‌ಓಎಸ್ ಎಂದು ಹೆಸರು. ಅಂತರ್ಜಾಲ ಸೇವೆ ಒದಗಿಸುವವರ ದೊಡ್ಡ ಯಂತ್ರದಲ್ಲಿರುವುದೂ ಮನೆಯ ಸಣ್ಣ ಪೆಟ್ಟಿಗೆಯಲ್ಲಿರುವುದೂ ಅದೇ ತಂತ್ರಾಂಶ. ಅಲ್ಪ ಬೆಲೆಗೆ ಇಷ್ಟು ಸಾಮರ್ಥ್ಯ ದೊರೆಯುವುದು ಶ್ಲಾಘನೀಯವೇ; ತೊಡಕಿನ ಮೂಲವೂ ಅದರಲ್ಲಿಯೇ ಇದೆ.

ಸಾಮಾನ್ಯ ರೂಟರು ನಮ್ಮ ಪರವಾಗಿ ಹಲವು ನಿರ್ಧಾರಗಳನ್ನು ತಾನೇ ಮಾಡಿಟ್ಟಿರುತ್ತದೆ. ಇದಾದರೋ ಅವೆಲ್ಲವನ್ನೂ ನಮ್ಮ ಕೈಗೆ ಒಪ್ಪಿಸುತ್ತದೆ. ಮಕ್ಕಳ ಮೊಬೈಲಿಗೆ ಇಂತಿಷ್ಟೇ ವೇಗವೆಂದು ಮಿತಿ ಹಾಕುವ ನಿಯಮವನ್ನು ತಂದೆಯೊಬ್ಬರು ಬರೆಯುತ್ತಾರೆನ್ನಿ. ಬರೆದದ್ದು ಸರಿಯಾಗಿಯೇ ಇದ್ದರೂ ವೇಗ ತಗ್ಗುವುದಿಲ್ಲ. ಏಕೆಂದರೆ ಮನೆಬಳಕೆಯ ಮಾದರಿಗಳಲ್ಲಿ ಮೊದಲೇ ಅಳವಡಿಸಿರುವ ಫಾಸ್ಟ್‌ಟ್ರ್ಯಾಕ್ ಎಂಬ ನಿಯಮವು ಆ ಸಂಚಾರವನ್ನು ಮಿತಿಯ ಕಣ್ಣು ತಪ್ಪಿಸಿ ಅಡ್ಡದಾರಿಯಲ್ಲಿ ಸಾಗಿಸಿರುತ್ತದೆ. ಹೊರಗಿನವರನ್ನು ತಡೆಯುವ ಕಾವಲು ನಿಯಮಗಳಾದರೂ ಮೇಲಿನಿಂದ ಕೆಳಕ್ಕೆ ಕ್ರಮವಾಗಿ ಪಾಲಿತವಾಗುವುವು. ಒಂದು ಸಾಲು ಸ್ಥಳ ತಪ್ಪಿದರೆ ಒಡೆಯನೇ ಹೊರಗುಳಿಯಬಹುದು. ಸಂಪರ್ಕ ಕಡಿದಾಗ ಬದಲಾವಣೆಗಳನ್ನು ತಾನಾಗಿ ಹಿಂತೆಗೆಯುವ ಸೇಫ್ ಮೋಡ್ ಎಂಬ ಸೌಕರ್ಯವನ್ನು ತಯಾರಕರು ಕಲ್ಪಿಸಿರುವುದು ಸುಮ್ಮನೆ ಅಲ್ಲ.

ಇನ್ನು ವೈಫೈ. ಒಳಕೋಣೆಗೆ ಅಲೆಗಳು ತಲುಪದಿರುವುದೇ ನಿಮ್ಮ ತೊಂದರೆಯಾಗಿದ್ದರೆ ಇದು ಅದಕ್ಕೆ ಮದ್ದಲ್ಲ. ಇವರ ಹೆಕ್ಸ್ ಎಂಬ ಜನಪ್ರಿಯ ಮಾದರಿಯಲ್ಲಿ ತಂತಿ ಜೋಡಿಸುವ ಐದು ಪೋರ್ಟುಗಳಿವೆ, ವೈಫೈ ಇಲ್ಲವೇ ಇಲ್ಲ!

ಇದಕ್ಕಿಂತಲೂ ಗಂಭೀರವಾದ ಸಂಗತಿ ಕಾವಲಿನದು. 2018ರ ಏಪ್ರಿಲ್‌ನಲ್ಲಿ ರೂಟರ್‌ಓಎಸ್‌ನಲ್ಲಿ ಒಂದು ದೋಷ ಬೆಳಕಿಗೆ ಬಂದಿತು. ನಿರ್ವಹಣೆಯ ಬಾಗಿಲನ್ನು ಅಂತರ್ಜಾಲಕ್ಕೆ ತೆರೆದಿಟ್ಟಿದ್ದ ರೂಟರುಗಳಿಂದ ಪರರು ಗುಪ್ತಪದಗಳನ್ನು ಕದಿಯಬಹುದಾಗಿತ್ತು. ಸಂಸ್ಥೆ ಒಡನೆಯೇ ಪರಿಹಾರ ನೀಡಿತು. ಆದರೆ ಅದನ್ನು ಹಾಕಿಕೊಳ್ಳದವರು ಅಸಂಖ್ಯ. ಅದೇ ವರ್ಷ ಲಕ್ಷಕ್ಕೂ ಮಿಕ್ಕಿದ ರೂಟರುಗಳು ಕಳ್ಳರ ವಶವಾಗಿ, ಅವರಿಗಾಗಿ ಡಿಜಿಟಲ್ ನಾಣ್ಯ ಗಳಿಸುವ ದಂಧೆಗೆ ಬಳಕೆಯಾದವು. ಕಥೆ ಅಲ್ಲಿಗೇ ಮುಗಿಯಲಿಲ್ಲ. 2021ರಲ್ಲಿ ಮೇರಿಸ್ ಎಂಬ ಹೆಸರಿನ ಬೃಹತ್ ದಾಳಿಗಳಾದಾಗ, ಅವುಗಳಲ್ಲಿ ದುಡಿದದ್ದು 2018ರಲ್ಲಿ ಕೈತಪ್ಪಿದ ರೂಟರುಗಳೇ ಎಂದು ಸಂಸ್ಥೆ ತಿಳಿಸಿತು. ಬಾಗಿಲು ದುರಸ್ತಿ ಮಾಡಿಸಿದವರಲ್ಲಿಯೂ ಕೆಲವರು ಕಳುವಾದ ಬೀಗದ ಕೈಯನ್ನು ಬದಲಿಸಿರಲಿಲ್ಲ. ಆ ಮನೆಗಳವರಿಗೆ ತಮ್ಮ ಪೆಟ್ಟಿಗೆ ಯಾರ ಚಾಕರಿಯಲ್ಲಿದೆ ಎಂಬ ಅರಿವೂ ಇದ್ದಿರಲಾರದು.

ಆದ್ದರಿಂದ ಕೊಳ್ಳುವ ಮುನ್ನ ಕೇಳಬೇಕಾದುದು ರೂಟರಿಗೆ ಏನೇನು ಬರುತ್ತದೆಂಬುದನ್ನಲ್ಲ. ನಾಲ್ಕು ವರ್ಷಗಳ ತರುವಾಯವೂ ಅದನ್ನು ನೋಡಿಕೊಳ್ಳುವವರು ಮನೆಯಲ್ಲಿ ಯಾರು ಎಂಬುದನ್ನು. ಅಂಥವರಿದ್ದು, ಎರಡು ಸಂಪರ್ಕಗಳಲ್ಲಿ ಒಂದು ಕೈಕೊಟ್ಟರೆ ಇನ್ನೊಂದು ತಾನಾಗಿ ಒದಗಬೇಕಾಗಿದ್ದರೆ, ಅಥವಾ ಕೆಳಗಿನ ಅಂಗಡಿ, ಮೇಲಿನ ಬಾಡಿಗೆದಾರರು, ಕಾವಲಿನ ಕ್ಯಾಮೆರಾಗಳು ಪರಸ್ಪರ ಬೆರೆಯದಂತೆ ಜಾಲಗಳನ್ನು ವಿಂಗಡಿಸಬೇಕಾಗಿದ್ದರೆ ಕೊಳ್ಳಲು ಅಡ್ಡಿಯಿಲ್ಲ. ಮಗನೊಬ್ಬನೇ ಬಲ್ಲವನು, ಅವನೂ ಪರವೂರಿನಲ್ಲಿದ್ದಾನೆ ಎನ್ನುವವರಿಗೆ ಸೇವಾದಾರರು ಕೊಟ್ಟ ಪೆಟ್ಟಿಗೆಯೇ ಲೇಸು.

ಸಂದೇಹವಿದ್ದವರಿಗೆ ಖರ್ಚಿಲ್ಲದ ಒಂದು ಉಪಾಯವುಂಟು. ಸಿಎಚ್‌ಆರ್ ಎಂಬ ರೂಪದಲ್ಲಿ ರೂಟರ್‌ಓಎಸ್ ಅನ್ನು ಮನೆಯ ಕಂಪ್ಯೂಟರಿನೊಳಗೇ ನಡೆಸಿ ನೋಡಬಹುದು. ಉಚಿತ ಪರವಾನಗಿಯಲ್ಲಿ ವೇಗ ಸೆಕೆಂಡಿಗೆ 1 ಮೆಗಾಬಿಟ್ ಮಾತ್ರ. ಕಲಿಕೆಗೆ ಅಷ್ಟು ಸಾಕು. ಎರಡು ಭಾನುವಾರ ಅದರೆದುರು ಕುಳಿತ ಮೇಲೂ ಉತ್ಸಾಹ ಉಳಿದಿದ್ದರೆ ಅಂಗಡಿಗೆ ಹೋಗಬಹುದು.