ಜಂಗು ಹಿಡಿದ ಇಂಜಿನ್ ಗುಜರಿಗೆ ಯಾಕ?

ಅಕ್ಕಂದಿರ, ಹೊಲದಾಗ ಹಿಡಕೊಂಡು ಕುಂತ ಹಳೇ ಡೀಸೆಲ್ ಇಂಜಿನ್ ಗುಜರಿಯಾಂವಗ ತೂಕಕ್ಕ ಹಾಕೂದು ನನಗ ಒಪ್ಪಿಗಿ ಇಲ್ಲ. ಶಿರಹಟ್ಟಿ, ಮುಂಡರಗಿ ಕಡೆ ಇದು ನಡದ ಐತಿ. ಕರೆಂಟ್ ಮೋಟಾರ್ ಐತಲ್ಲ ಅಂತಾರ ಗಂಡಸ್ರು. ತ್ರೀ ಫೇಸ್ ಹೋದ ದಿವಸ ದನಕ್ಕ, ಮೆಣಸಿನ ಸಸಿಗೆ ಕೊಡ ಹೊರಾವ್ರು ನಾವ.

ಬೋಲ್ಟ್ ಬಿಚ್ಚವಲ್ದು ಅಂತ ಸುತ್ತಿಗಿಲೆ ಬಡಿಯೂದು ಮೊದಲ ನಿಲ್ಲಬೇಕು. ಕಬ್ಬಿಣ ಜಂಗಾದ್ರ ಉಬ್ಬತೈತಿ, ನಟ್ಟಿನೊಳಗ ಜಾಗ ಸಾಲದ ಅಮರಿಕೊಂಡು ಕುಂದರತೈತಿ. ಬಡದು ಬೀಡಿನ ಕಿವಿ ಮುರೀತಂದ್ರ ಬೋಲ್ಟಿನ ಜೋಡಿ ಇಂಜಿನ್ನೂ ಹೋತು. ಚಿಮಣಿ ಎಣ್ಣಿ ಈಗ ರೇಷನ್ನಿನ್ಯಾಗ ಎಲ್ಲಿ ಬರತೈತ್ರಿ, ಡೀಸೆಲ್ ಹನಿಹನಿ ಬಿಟ್ಟು ಎರಡು ರಾತ್ರಿ ತಡೀರಿ. ಆಮ್ಯಾಲ ಸರೀ ನಂಬರಿನ ಪಾನಾ ಹಾಕಿ, ಮೊದಲ ಒಂದೀಟು ಬಿಗಿ ಮಾಡಿ, ಸಡ್ಲ ಮಾಡ್ರಿ. ಹಿಂದ ಮುಂದ, ಹಿಂದ ಮುಂದ. ಜಾಳಾದ ಪಾನಾ ಬ್ಯಾಡ, ನಟ್ಟಿನ ಮೂಲಿ ಸವದು ದುಂಡ ಆಗತಾವ. ಆದ್ರೂ ಬರವಲ್ದಂದ್ರ ಎಣ್ಣಿ ಪೂರಾ ಒರಸಿ ನಟ್ಟಿಗಷ್ಟ ಕಾವು ಕೊಡಸ್ರಿ, ಅದು ಹಿಗ್ಗಿ ಸಡ್ಲಾಗತೈತಿ.

ಬೋಲ್ಟಿನ ತಲಿ ಮುರದ್ರೂ ದಾರಿ ಐತಿ. ಲಕ್ಷ್ಮೇಶ್ವರಕ್ಕೋ ಗದಗಿಗೋ ಒಯ್ದು, ಉಳದ ತುಂಡಿನ ಮ್ಯಾಲ ನಟ್ಟು ಇಟ್ಟು ವೆಲ್ಡಿಂಗ್ ಮಾಡಸ್ರಿ. ಆ ಕಾವಿಗೇ ಎಷ್ಟೋ ಸಲ ಬಿಟ್ಕೊಂಡು ಬರತೈತಿ. ಪಿಸ್ಟನ್ ಹಿಡದಿದ್ರ ಸಿಲಿಂಡರಿನ್ಯಾಗ ಡೀಸೆಲ್ ಹಾಕಿ ನಾಕ್ ದಿನ ಬಿಟ್ಟು ಗಾಲಿ ಮೆಲ್ಲಕ ಅಲುಗಾಡಸ್ರಿ. ಚಾಲೂ ಮಾಡೂಕಿಂತ ಮೊದಲ ಆ ಡೀಸೆಲ್ ಪೂರಾ ಬಸೀಬೇಕು, ಇಂಜಿನ್ ಆಯಿಲ್ಲೂ ಬದಲಿ ಮಾಡಬೇಕು.

ಗುಜರಿಯಾಂವ ತಕ್ಕಡಿ ಇಳಸೂದ್ರಾಗ ಮನ್ಯಾನವ್ರಿಗೆ ಒಂದು ಮಾತು ಕೇಳ್ರಿ: ಅಂವ ಕೊಡೂ ರೊಕ್ಕಕ್ಕ ಬ್ಯಾಸಗ್ಯಾಗ ಯಾವ ಇಂಜಿನ್ ಬರತೈತಿ?