ಕೋವಿಗೆ ಪರವಾನಗಿ ಇದೆ, ಮದ್ದಿಗೆ?

ಮೆಕ್ಕೆಜೋಳ ಕಾಳು ಕಟ್ಟುವ ಹೊತ್ತಿಗೆ, ಭತ್ತ ಹಾಲುಗಟ್ಟುವ ಹೊತ್ತಿಗೆ ಕಾಡುಹಂದಿಯ ಹಿಂಡು ಬಂದುಹೋದ ಹೊಲವನ್ನು ಕಂಡವರಿಗೆ ಈ ಲೇಖನಕ್ಕೆ ಪೀಠಿಕೆ ಬೇಕಾಗಿಲ್ಲ. ಅವು ತಿಂದದ್ದಕ್ಕಿಂತ ತುಳಿದು ಮಗುಚಿದ್ದೇ ಹೆಚ್ಚು. ರಾತ್ರಿಯಿಡೀ ಅಟ್ಟಣೆಯ ಮೇಲೆ ಕುಳಿತು ಡಬ್ಬ ಬಡಿದವನಿಗೆ ಬೆಳಗಿನ ಜಾವ ಒಂದು ಗಳಿಗೆ ಕಣ್ಣು ಹತ್ತಿದರೆ ಮುಗಿಯಿತು. ಆದ್ದರಿಂದಲೇ ಮಲೆನಾಡು, ಕರಾವಳಿ, ಕೊಡಗಿನ ಮನೆಗಳಲ್ಲಿ ಕೋವಿಯೆಂದರೆ ಗುದ್ದಲಿ, ಕತ್ತಿಗಳಂತೆ ಬೇಸಾಯದ ಸಾಧನವೇ ಎಂಬ ಭಾವನೆ ಬಂದಿದೆ. ಕಾನೂನಿಗೆ ಮಾತ್ರ ಆ ಭಾವನೆ ಇಲ್ಲ. ಕೋವಿಗೆ ಒಂದು ಕಾಯಿದೆ, ಅದರೊಳಗೆ ತುಂಬುವ ಮದ್ದಿಗೆ ಇನ್ನೊಂದು, ಎದುರಿಗೆ ನಿಂತ ಹಂದಿಗೆ ಮೂರನೆಯದು. ಒಂದರ ಕಾಗದ ಇನ್ನೊಂದಕ್ಕೆ ನಡೆಯುವುದಿಲ್ಲ. ನಮ್ಮವರು ಸಿಕ್ಕಿಬೀಳುವುದು ಇಲ್ಲಿಯೇ.

ಮೊದಲು ಕೋವಿ. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಕಲಮು ಬೆಳೆ ರಕ್ಷಣೆಯ ಮಾತನ್ನು ಸ್ಪಷ್ಟವಾಗಿ ಆಡುತ್ತದೆ. ನಿಜವಾದ ಬೆಳೆ ರಕ್ಷಣೆಗಾಗಿ ಕೇಳಿದವರಿಗೆ ಬಾಯಿಂದ ಮದ್ದು ತುಂಬುವ ಕೋವಿ, ಎಂದರೆ ನಮ್ಮ ಕೇಪಿನ ಕೋವಿ, ಕೊಡಬೇಕು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ತೋಟಾ ಕೋವಿಯನ್ನೂ ಕೊಡಬಹುದು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಕೋವಿ, ಪರವಾನಗಿಯ ಅವಧಿ ಐದು ವರ್ಷ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2029ರವರೆಗೆ ಮುಂದುವರಿಸಿದೆ. 2021ರಲ್ಲಿ ರಾಜ್ಯ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಅದು ಕೋವಿಯ ಮಟ್ಟಿಗಿನ ವಿನಾಯಿತಿ, ಬೇಟೆಗಲ್ಲ.

ಇನ್ನು ಮದ್ದಿನ ವಿಚಾರ. ಕೇಪಿನ ಕೋವಿಯವನು ಪ್ರತಿ ಈಡನ್ನೂ ತನ್ನ ಕೈಯಿಂದಲೇ ತುಂಬಬೇಕು: ಮದ್ದು, ಸೀಸದ ಗುಂಡು, ಮೇಲೊಂದು ಕೇಪು. ಕೋವಿಯೇನೋ ಅಜ್ಜನ ಕಾಲದ್ದು ಗೋಡೆಯಲ್ಲಿದೆ, ಮದ್ದು ಎಲ್ಲಿಂದ ತರುವುದು? 1884ರ ಸ್ಫೋಟಕ ಕಾಯಿದೆ, ಅದರಡಿಯ 2008ರ ನಿಯಮಗಳು ಕೋವಿಮದ್ದನ್ನು ಕಲ್ಲುಗಣಿಯ ಸಿಡಿಮದ್ದಿನ ಸಾಲಿಗೇ ಸೇರಿಸುತ್ತವೆ. ಇದನ್ನು ನೋಡಿಕೊಳ್ಳುವ ಕೇಂದ್ರ ಕಚೇರಿ ಇರುವುದು ನಾಗಪುರದಲ್ಲಿ. ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಹೆಸರು ಹಳಬರಿಗೆಲ್ಲ ಗೊತ್ತು. ಆದರೆ ಮನೆಯಲ್ಲಿ ಮದ್ದು ಅರೆದರೆ ಅದು ಪರವಾನಗಿಯಿಲ್ಲದ ತಯಾರಿಕೆ, ಮೂರು ವರ್ಷದವರೆಗೆ ಸಜೆ. ತೋಟಾ ಕೋವಿಯವರಲ್ಲಿ ಕೆಲವರು ಹೊಡೆದ ತೋಟಾದ ಚಿಪ್ಪು ಉಳಿಸಿ ಮತ್ತೆ ತುಂಬುವುದುಂಟು. ಇದು ಇನ್ನೂ ಅಪಾಯದ ಹಾದಿ. ಶಸ್ತ್ರಾಸ್ತ್ರ ಕಾಯಿದೆಯ ಅರ್ಥವಿವರಣೆಯಲ್ಲಿ ತೋಟಾ ತಯಾರಿಸುವ ಯಂತ್ರ, ಅದರ ಬಿಡಿಭಾಗ ಕೂಡ ಮದ್ದುಗುಂಡೇ. ಅನುಮತಿಯಿಲ್ಲದ ತಯಾರಿಕೆಯೆಂದು ಕೇಸು ಬಿದ್ದರೆ 2019ರಿಂದೀಚೆಗೆ ಶಿಕ್ಷೆ ಏಳು ವರ್ಷಕ್ಕೆ ಕಡಿಮೆಯಿಲ್ಲ.

ಎಲ್ಲ ದೇಶಗಳೂ ಹೀಗಿಲ್ಲ. ಅಮೆರಿಕದಲ್ಲಿ ಹಳೆಯ ಮಾದರಿಯ ಕೋವಿಯವರು ಕ್ರೀಡೆಗಾಗಿ 50 ಪೌಂಡಿನವರೆಗೆ, ಹೆಚ್ಚುಕಡಿಮೆ 22 ಕಿಲೋ ಕರಿಮದ್ದನ್ನು ಕೇಂದ್ರದ ಸ್ಫೋಟಕ ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದು. ನಮಗೆ ಅಷ್ಟು ಬೇಡ. ಅಲ್ಲಿ ಶಿಕಾರಿಯೊಂದು ಕ್ರೀಡೆ, ಇಲ್ಲಿ ಬೇಟೆ ನಿಷಿದ್ಧ; ಹೋಲಿಕೆ ಅಷ್ಟಕ್ಕೇ ನಿಲ್ಲಬೇಕು.

ಏಕೆಂದರೆ 1972ರ ವನ್ಯಜೀವಿ ಕಾಯಿದೆ ಹಂದಿಯ ಬೆನ್ನಿಗಿದೆ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಜೀವ ಉಳಿಸಿಕೊಳ್ಳಲು ಹೊಡೆದರೆ ಅಪರಾಧವಲ್ಲ. ಜೋಳ ಉಳಿಸಿಕೊಳ್ಳಲು ಹೊಡೆದರೆ ಅಪರಾಧ. ಬೆಳೆ ಹಾಳಾಗುತ್ತಿದ್ದರೆ 11ನೇ ಕಲಮಿನಡಿ ಅಧಿಕಾರ ಪಡೆದ ಅರಣ್ಯಾಧಿಕಾರಿ ಲಿಖಿತ ಅಪ್ಪಣೆ ಕೊಡಬಹುದು, ಆದರೆ ಹೊಡೆದ ಪ್ರಾಣಿ ಸರಕಾರದ್ದು. ಕೇರಳ 2022ರಲ್ಲಿ ಈ ಅಧಿಕಾರವನ್ನು ಪಂಚಾಯತಿ ಅಧ್ಯಕ್ಷರ ಮಟ್ಟಕ್ಕೆ ಇಳಿಸಿತು. ನಮ್ಮಲ್ಲಿಯೂ ಇದನ್ನು ಆಲೋಚಿಸಬಾರದೇಕೆ?

ಈ ಮೂರು ಕಾಯಿದೆಗಳ ಸಂದಿಯಲ್ಲಿ ಹುಟ್ಟಿಕೊಂಡದ್ದು ಸಿಡಿಮದ್ದಿನ ಉಂಡೆ. ತಿನಿಸಿನೊಳಗೆ ಮದ್ದಿಟ್ಟು ಹಂದಿಯ ದಾರಿಯಲ್ಲಿ ಬಿಡುವುದು. ಅದನ್ನು ಹಂದಿಯೇ ಕಚ್ಚಬೇಕೆಂದು ಯಾರು ಹೇಳಿದರು? 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಗಬ್ಬದ ಆನೆಯೊಂದು ಹಾಗೆ ಕಚ್ಚಿ, ಬಾಯಿ ಒಡೆದು, ನೀರಿನಲ್ಲಿ ನಿಂತೇ ಸತ್ತಿತು. ಮರುತಿಂಗಳೇ ಹಿಮಾಚಲದ ಬಿಲಾಸಪುರದಲ್ಲಿ ಗಬ್ಬದ ಹಸುವಿನ ದವಡೆ ಹೋದ ಸುದ್ದಿ ಬಂತು. ಮೇಯಲು ಬಿಟ್ಟ ನಿಮ್ಮ ಹಸು, ಕಾವಲಿನ ನಾಯಿ, ಚೆಂಡೆಂದು ಎತ್ತಿಕೊಳ್ಳುವ ಮಗು, ಉಂಡೆಗೆ ಇವರ ಗುರುತಿಲ್ಲ. ಕಾನೂನಿನಲ್ಲೂ ಇದು ಬೇಟೆಯ ಕೇಸಿಗೆ ಮುಗಿಯುವುದಿಲ್ಲ. 1908ರ ಸ್ಫೋಟಕ ವಸ್ತುಗಳ ಕಾಯಿದೆಯಡಿ ಅನುಮಾನಾಸ್ಪದವಾಗಿ ಇಟ್ಟುಕೊಂಡದ್ದಕ್ಕೇ ಹತ್ತು ವರ್ಷದವರೆಗೆ ಸಜೆಯಾಗಬಹುದು.

ನಮ್ಮ ತಕರಾರು ಇಷ್ಟು. ಪರವಾನಗಿ ಪಡೆದವನ ಹೆಸರು, ವಿಳಾಸ, ಕೋವಿಯ ನಂಬರು ಎಲ್ಲವೂ ಠಾಣೆಯಲ್ಲಿವೆ. ಉಂಡೆ ಕಟ್ಟುವವನಿಗೆ ವಿಳಾಸವೇ ಇಲ್ಲ. ಬಿಗಿಯೆಲ್ಲ ಸಿಕ್ಕವನ ಮೇಲೆ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ ಗಣಿಯ ಸ್ಫೋಟಕ ಸಿಡಿದು ಜನ ಸತ್ತ ಮೇಲೆ ಮದ್ದಿನ ಬಗ್ಗೆ ಕಟ್ಟೆಚ್ಚರ ಬೇಕಿಲ್ಲವೆಂದು ಯಾರೂ ಹೇಳಲಾರರು. ಆದರೆ ಬೆಳೆ ರಕ್ಷಣೆಗೆಂದು ಕೇಪಿನ ಕೋವಿ ಕೊಡುವ ಸರಕಾರ ಅದಕ್ಕೆ ಬೇಕಾದ ಹಿಡಿ ಮದ್ದು ನೇರ ದಾರಿಯಲ್ಲಿ ಸಿಗುವಂತೆಯೂ ನೋಡಬೇಕು. ಇಲ್ಲವಾದರೆ ಕೊಟ್ಟದ್ದು ಬರಿಯ ಕಬ್ಬಿಣದ ಕೊಳವೆ.

ಅಲ್ಲಿಯವರೆಗೆ ನೀವು ಮಾಡಬಹುದಾದ್ದು ಇದೆ. ನಿಮ್ಮ ಪರವಾನಗಿ ಪುಸ್ತಕ ತೆರೆದು, ಒಮ್ಮೆಗೆ ಎಷ್ಟು, ವರ್ಷಕ್ಕೆ ಎಷ್ಟು ಮದ್ದುಗುಂಡು ಎಂಬ ಅಂಕಣದಲ್ಲಿ ಏನು ಬರೆದಿದೆ ನೋಡಿ. ಮದ್ದು, ಕೇಪುಗಳ ಮಾತಿಲ್ಲದಿದ್ದರೆ ನವೀಕರಣದ ವೇಳೆ ಬರೆಸಿಕೊಳ್ಳಲು ಅರ್ಜಿ ಕೊಡಿ. ಖರೀದಿಯ ರಸೀತಿಯನ್ನು ಅದರೊಳಗೇ ಇಡಿ. ಪರವಾನಗಿ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಮೇಲ್ಮನವಿಗೆ ಅವಕಾಶವಿದೆ. ಅಭಯಾರಣ್ಯದ ಹತ್ತು ಕಿಲೋಮೀಟರಿನೊಳಗೆ ಇರುವವರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಅಲ್ಲಿ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪಾಲಕರ ಒಪ್ಪಿಗೆಯೂ ಬೇಕು. ಚುನಾವಣೆಯ ಕಾಲದಲ್ಲಿ ಕೋವಿ ಒಪ್ಪಿಸಲು ಸೂಚನೆ ಬಂದಾಗ, ಬೆಳೆ ಹೊಲದಲ್ಲಿದ್ದರೆ, ಜಿಲ್ಲೆಯ ಪರಿಶೀಲನಾ ಸಮಿತಿಗೆ ಪಹಣಿ ಲಗತ್ತಿಸಿ ವಿನಾಯಿತಿ ಕೇಳಬಹುದು. ಬೇಲಿಯ ಬದಿಯಲ್ಲಿ ಉಂಡೆ ಕಂಡರೆ ಮುಟ್ಟದೆ, ದನಗಳನ್ನು ದೂರ ಅಟ್ಟಿ, ಒಬ್ಬರನ್ನು ಕಾವಲಿಗೆ ನಿಲ್ಲಿಸಿ ಠಾಣೆಗೆ ತಿಳಿಸಿ.