ಸಕ್ಕರೆ ಕುಸಿದು ಪ್ರಜ್ಞೆ ತಪ್ಪಿದರೆ
ಬಾಗೂರಿನ ಕಡೆಯ ರೈತರೊಬ್ಬರು ಇನ್ಸುಲಿನ್ ಚುಚ್ಚಿಕೊಂಡು, ಮುದ್ದೆ ಉಣ್ಣದೆ ಹೊಲಕ್ಕೆ ಹೋದರೆನ್ನಿ. ಬೆವರು, ನಡುಕ, ತೊದಲು ಮಾತು ಶುರುವಾಗುತ್ತದೆ. ಎಚ್ಚರವಿದ್ದರೆ ಸಕ್ಕರೆ ನೀರು ಕುಡಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹುಯ್ಯಬೇಡಿ, ಶ್ವಾಸಕೋಶಕ್ಕೆ ಇಳಿದೀತು.

ಆಗ ಬೇಕಾದದ್ದು ಗ್ಲೂಕಗಾನ್. ಇನ್ಸುಲಿನ್‌ನಂತೆ ಮೇದೋಜೀರಕ ಗ್ರಂಥಿಯಲ್ಲೇ ಹುಟ್ಟುವ, ಆದರೆ ಅದಕ್ಕೆ ತದ್ವಿರುದ್ಧ ಕೆಲಸ ಮಾಡುವ ಹಾರ್ಮೋನು. 1923ರಲ್ಲಿ ಇದಕ್ಕೆ ಹೆಸರಿಟ್ಟವರು ಕಿಂಬಾಲ್ ಮತ್ತು ಮರ್ಲಿನ್. ಯಕೃತ್ತಿನ ದಾಸ್ತಾನಿನಿಂದ ರಕ್ತಕ್ಕೆ ಸಕ್ಕರೆ ಬಿಡಿಸುತ್ತದೆ. ವಯಸ್ಕರಿಗೆ 1 ಮಿಲಿಗ್ರಾಂ, ತೊಡೆಯ ಸ್ನಾಯುವಿಗೆ. ಕಲಿತರೆ ಮನೆಯವರೇ ಕೊಡಬಹುದು. ವಾಂತಿಯಾಗುವುದುಂಟು, ಪಕ್ಕಕ್ಕೆ ಹೊರಳಿಸಿ ಮಲಗಿಸಿ.

ದಿನಗಟ್ಟಲೆ ಉಂಡಿಲ್ಲದವರಲ್ಲಿ, ವಿಪರೀತ ಕುಡಿದವರಲ್ಲಿ ದಾಸ್ತಾನೇ ಬರಿದು, ಮದ್ದು ನಾಟದು. ಎಲ್ಲ ಔಷಧಿ ಅಂಗಡಿಗಳಲ್ಲೂ ಇದು ಸಿಗುವುದಿಲ್ಲ. ವೈದ್ಯರನ್ನು ಮೊದಲೇ ವಿಚಾರಿಸಿಡಿ. ಚುಚ್ಚಿದ ಮೇಲೂ ಚನ್ನರಾಯಪಟ್ಟಣದ ಆಸ್ಪತ್ರೆಗೆ ಹೊರಡಲೇಬೇಕು.